ಚಿತ್ರಕಥೆಯ ಅನಂತ ಪೈ

ಪಶ್ಚಿಮ ಘಟ್ಟಗಳ ತಪ್ಪಲಿನಲ್ಲಿರುವ ಕಾರ್ಕಳವು ಬಾಹುಬಲಿಯ ಮೂರ್ತಿಯಿಂದ ನಾಡಿಗೆಲ್ಲ ಪರಿಚಿತವಾದ ಊರು. 1432ರಲ್ಲಿ ಪ್ರತಿಷ್ಠೆಗೊಂಡ ಆ ಮೂರ್ತಿಯು ತ್ಯಾಗದ ಕಥೆಯನ್ನು ಕಲ್ಲಿನಲ್ಲಿ ಹೇಳುತ್ತದೆ. ಸುಮಾರು ಐದು ಶತಮಾನಗಳ ತರುವಾಯ ಅದೇ ಊರಿನಲ್ಲಿ ಹುಟ್ಟಿದವರೊಬ್ಬರು ಕಾಗದ ಮತ್ತು ಬಣ್ಣಗಳ ಮೂಲಕ ದೇಶದ ಮಕ್ಕಳಿಗೆ ಕಥೆ ಹೇಳಿದರು. ಅವರೇ ಅನಂತ ಪೈ.

ಪೈಯವರು 1929ರ ಸೆಪ್ಟೆಂಬರ್ 17ರಂದು ಜನಿಸಿದರು. ತಂದೆ ವೆಂಕಟರಾಯ, ತಾಯಿ ಸುಶೀಲಾ. ಎರಡರ ಹರೆಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ತಾಯಿಯ ತಂದೆ ಸಲಹಿದರು. ಹನ್ನೆರಡನೆಯ ವಯಸ್ಸಿನಲ್ಲಿ ಬಾಲಕನು ಮುಂಬಯಿಯನ್ನು ಸೇರಿದನು. ಅಲ್ಲಿ ಅವರು ರಸಾಯನ ತಂತ್ರವಿಜ್ಞಾನದಲ್ಲಿ ಪದವಿ ಪಡೆದರಾದರೂ ಮನಸ್ಸು ಪ್ರಯೋಗಶಾಲೆಯಲ್ಲಿ ನಿಲ್ಲಲಿಲ್ಲ. 1954ರಲ್ಲಿ 'ಮಾನವ' ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು. ಅದು ಬಹುಕಾಲ ಬಾಳಲಿಲ್ಲ. ಆದರೂ ಎದೆಗುಂದದೆ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗವನ್ನು ಸೇರಿದರು.

ಆ ಸಂಸ್ಥೆಯು 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಎಂಬ ಮಾಲೆಯನ್ನು ಹೊರತಂದಿತು. ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಮತ್ತು ಮಾಂಡ್ರೇಕ್ ಅದರ ನಾಯಕರು. ಫ್ಯಾಂಟಮ್ ಆಫ್ರಿಕದ ಕಾಡನ್ನು ಕಾಯುವ ಬಿಳಿಯ ವೀರ. ಆ ಕಾಡಿನ ಕರಿಯ ಜನರು ಅವನ ವಿಧೇಯ ಅನುಚರರು. ಮಾಂಡ್ರೇಕನ ಜೊತೆಗಾರ ಲೋಥಾರ್ ಆಫ್ರಿಕದ ರಾಜಕುಮಾರನಾಗಿದ್ದರೂ ಬಹುಕಾಲ ಚಿರತೆಯ ಚರ್ಮವನ್ನುಟ್ಟ ಸೇವಕನಂತೆಯೇ ಚಿತ್ರಿತನಾದನು. ಈ ಅನ್ಯಾಯವನ್ನು ಅಮೆರಿಕದ ಕರಿಯ ಲೇಖಕರು ಅರಿಯದೆ ಇರಲಿಲ್ಲ. 1947ರಲ್ಲಿ ಫಿಲಡೆಲ್ಫಿಯದ ಪತ್ರಕರ್ತ ಆರಿನ್ ಇವಾನ್ಸ್, ಕರಿಯ ಕಲಾವಿದರೇ ರಚಿಸಿದ, ಕರಿಯರೇ ನಾಯಕರಾದ ಚಿತ್ರಕಥಾ ಪುಸ್ತಕವನ್ನು ಪ್ರಕಟಿಸಿದರು. ಎರಡನೆಯ ಸಂಚಿಕೆಗೆ ಅವರಿಗೆ ಕಾಗದವೇ ದೊರೆಯಲಿಲ್ಲ. ಬ್ಲ್ಯಾಕ್ ಪ್ಯಾಂಥರ್ ಎಂಬ ಆಫ್ರಿಕದ ವೀರರಾಜನು ಅಮೆರಿಕದ ಪುಟಗಳಲ್ಲಿ ಕಾಣಿಸಿಕೊಳ್ಳಲು 1966 ಬರಬೇಕಾಯಿತು.

ತನ್ನವರನ್ನು ನಾಯಕರಾಗಿ ಕಾಣದ ಕೊರತೆ ಭಾರತದ ಮಗುವಿಗೂ ಇದ್ದಿತು. 1967ರಲ್ಲಿ ಪೈಯವರು ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆಯೊಂದನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಉತ್ತರಿಸಿದ ವಿದ್ಯಾರ್ಥಿಗಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರು. ಪೈಯವರು ಉದ್ಯೋಗವನ್ನು ತೊರೆದು, ಇಂಡಿಯಾ ಬುಕ್ ಹೌಸ್ ಪ್ರಕಾಶನದ ನೆರವಿನಿಂದ ಅಮರ ಚಿತ್ರಕಥೆಯ ಸಂಪಾದಕರಾದರು. ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದುಂಟು: ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಈ ಮಾಲೆಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿಯೇ ಬಂದಿದ್ದವು. ಆದರೆ ಅವು ಸಿಂಡರೆಲಾ ಮೊದಲಾದ ಪರದೇಶದ ಕಥೆಗಳು. ಹನ್ನೊಂದನೆಯದಾಗಿ ರಾಮ್ ವಾಯೀರ್ಕರ್ ಚಿತ್ರಿಸಿದ 'ಕೃಷ್ಣ' ಬಂದಿತು. ಶಕುಂತಲೆ, ಝಾನ್ಸಿಯ ರಾಣಿ, ಮೀರಾಬಾಯಿ ಮುಂತಾದವರು ಅನಂತರ ಸಾಲುಗೊಂಡರು. ಚಿತ್ರಕಥೆಯು ಓದಿನ ಅಭ್ಯಾಸವನ್ನು ಕೆಡಿಸುತ್ತದೆಂಬ ಶಂಕೆಯನ್ನು ಎದುರಿಸುತ್ತಲೇ ಮಾಲೆಯು ಬೆಳೆದು ನಾನೂರಕ್ಕೂ ಹೆಚ್ಚು ಪುಸ್ತಕಗಳಾದವು. 1980ರಲ್ಲಿ ಪೈಯವರು 'ಟಿಂಕಲ್' ಪತ್ರಿಕೆಯನ್ನು ಆರಂಭಿಸಿ, ಮಕ್ಕಳಿಗೆ ಅಂಕಲ್ ಪೈ ಆದರು.

ಈ ಪುಸ್ತಕಗಳು ಟೀಕೆಗೆ ಹೊರತಾಗಿರಲಿಲ್ಲ. ಅವುಗಳಲ್ಲಿ ವೀರರು ಬಹುಮಟ್ಟಿಗೆ ಬೆಳ್ಳಗಿದ್ದರು, ರಾಕ್ಷಸರು ಕಪ್ಪಗಿದ್ದರು. ಕೃಷ್ಣ ಎಂಬ ಶಬ್ದಕ್ಕೆ ಕಪ್ಪು ಎಂಬ ಅರ್ಥವಿದ್ದರೂ ಪುಟದ ಮೇಲೆ ಅವನು ನೀಲವರ್ಣದವನಾದನು. ತನ್ನ ಮೈಬಣ್ಣವನ್ನು ದುಷ್ಟರಲ್ಲಿ ಮಾತ್ರ ಕಾಣುವ ಮಗುವಿನ ಮನಸ್ಸು ಕುಗ್ಗದಿರಲು ಸಾಧ್ಯವೆ? ವಿಮರ್ಶಕರು ಎತ್ತಿದ ಈ ಆಕ್ಷೇಪವು ಯೋಗ್ಯವಾದುದು. ಆದರೆ 1979ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರ ಬಾಳನ್ನು ಎಳೆಯರ ಕೈಗಿತ್ತುದೂ ಇದೇ ಮಾಲೆ ಎಂಬುದನ್ನು ಮರೆಯಲಾಗದು.

2011ರ ಫೆಬ್ರವರಿಯಲ್ಲಿ ದೆಹಲಿಯ ಚಿತ್ರಕಥಾ ಸಮ್ಮೇಳನವು ಪೈಯವರ ಜೀವಮಾನದ ಸಾಧನೆಯನ್ನು ಗೌರವಿಸಿತು. ಕೆಲವೇ ದಿನಗಳಲ್ಲಿ, ಅದೇ ತಿಂಗಳ 24ರಂದು, ಅವರು ಮುಂಬಯಿಯಲ್ಲಿ ನಿಧನರಾದರು.

ಚಿತ್ರದ ಪುಟದಲ್ಲಿ ಯಾರು ನಾಯಕರು, ಯಾರು ಸೇವಕರು, ಯಾರು ಕಾಣಿಸಿಕೊಳ್ಳುವುದೇ ಇಲ್ಲ ಎಂಬುದು ಸಣ್ಣ ಮಾತಲ್ಲ. ನಮ್ಮ ಮಕ್ಕಳು ತಮ್ಮವರನ್ನು ನಾಯಕರಾಗಿ ಕಾಣುವಂತೆ ಮಾಡಿದುದು ಪೈಯವರ ಹಿರಿಮೆ. ಎಲ್ಲ ಮೈಬಣ್ಣದ, ಎಲ್ಲ ಕುಲದ ಮಕ್ಕಳೂ ಹಾಗೆ ಕಾಣುವಂತೆ ಮಾಡುವ ಕೆಲಸವು ಅವರ ಮುಂದಿನವರಿಗೆ ಉಳಿದಿದೆ.