ಲೋಕನಾಯಕ ಜಯಪ್ರಕಾಶ ನಾರಾಯಣ

ಬೆಂಗಳೂರಿನಲ್ಲಿ ಜೆ.ಪಿ. ನಗರ ಇರುವುದು ಎಲ್ಲರಿಗೂ ಗೊತ್ತು. ಆ ಜೆ.ಪಿ. ಯಾರು ಅಂತ ನಾನು ಇಲ್ಲಿ ಬರೆದಿದ್ದೇನೆ.

ಜಯಪ್ರಕಾಶ ನಾರಾಯಣರು 1902ರ ಅಕ್ಟೋಬರ್ 11ರಂದು ಸಿತಾಬ್ ದಿಯಾರಾ ಎಂಬ ಹಳ್ಳಿಯಲ್ಲಿ ಜನಿಸಿದರು. ಅದು ಬಿಹಾರ ಮತ್ತು ಉತ್ತರ ಪ್ರದೇಶದ ಗಡಿಯಲ್ಲಿದೆ. ತಂದೆ ಹರಸು ದಯಾಳ್, ತಾಯಿ ಫೂಲ್ ರಾಣಿ. 1922ರಲ್ಲಿ ಓದಲು ಅಮೆರಿಕಕ್ಕೆ ಹೋದರು. ಖರ್ಚಿಗೆ ದುಡ್ಡಿಲ್ಲದೆ ತೋಟದಲ್ಲಿ ದುಡಿದರು, ಹೋಟೆಲಿನಲ್ಲಿ ತಟ್ಟೆ ತೊಳೆದರು. ವಾಪಸು ಬಂದು ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದರು. 1942ರ ದೀಪಾವಳಿ ರಾತ್ರಿ ಪಂಚೆಗಳನ್ನು ಗಂಟು ಹಾಕಿಕೊಂಡು ಹಜಾರಿಬಾಗ್ ಜೈಲಿನ ಗೋಡೆ ಹಾರಿದರು. ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಯಾಗಲಿಲ್ಲ. ಭೂದಾನದ ಕೆಲಸ ಮಾಡಿದರು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಜೆ.ಪಿ.ಯವರನ್ನು ಬಂಧಿಸಿದರು. ಆಗ ಅವರಿಗೆ 72 ವರ್ಷ. ಚಂಡೀಗಢದಲ್ಲಿ ಬಂಧನದಲ್ಲಿದ್ದಾಗಲೇ ಕಿಡ್ನಿ ಕೆಟ್ಟುಹೋಯಿತು. ನವೆಂಬರ್‌ನಲ್ಲಿ ಬಿಟ್ಟರು. ಮುಂಬಯಿಯ ಜಸ್ಲೋಕ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಅಂದರೆ ರಕ್ತವನ್ನು ಹೊರಗೆ ತಂದು, ಯಂತ್ರದಲ್ಲಿ ಸೋಸಿ, ಮತ್ತೆ ಮೈಗೆ ಬಿಡುವುದು. ಯಂತ್ರ ಕೊಳ್ಳಲು ಜನರೇ ಹಣ ಕೂಡಿಸಿದರು. ಅಷ್ಟು ಕಷ್ಟದಲ್ಲೂ 1977ರ ಚುನಾವಣೆಯಲ್ಲಿ ಭಾಷಣ ಮಾಡಿದರು. 1979ರ ಅಕ್ಟೋಬರ್ 8ರಂದು ಪಟ್ನಾದಲ್ಲಿ ತೀರಿಕೊಂಡರು. 1999ರಲ್ಲಿ ಅವರಿಗೆ ಭಾರತ ರತ್ನ ಕೊಟ್ಟರು.

ಆ ಕಾಲದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಇನ್ನೊಂದು ಭಯ ಇತ್ತು. ಅದು ಹೆಪಟೈಟಿಸ್ ಬಿ, ಲಿವರ್ ಕೆಡಿಸುವ ಕಾಮಾಲೆ. ಇದು ರಕ್ತದಿಂದ ಹರಡುತ್ತದೆ. ಒಣಗಿದ ರಕ್ತದ ಕಲೆಯಲ್ಲೂ ಇದರ ವೈರಸ್ ಒಂದು ವಾರ ಬದುಕಿರುತ್ತದೆ. ಇದಕ್ಕೆ ಆಗ ಲಸಿಕೆಯೇ ಇರಲಿಲ್ಲ. ಮೊದಲ ಲಸಿಕೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ, ಜೆ.ಪಿ. ತೀರಿಕೊಂಡು ಎರಡು ವರ್ಷ ಆದ ಮೇಲೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನಮ್ಮ ದೇಶದಲ್ಲೇ ಲಸಿಕೆ ತಯಾರಿಸಿತು. ಆಮೇಲೆ ಬೆಲೆ ಇಳಿಯಿತು.

ಕಿಡ್ನಿ ಕೆಟ್ಟವರ ಮೈಯಲ್ಲಿ ರೋಗ ತಡೆಯುವ ಶಕ್ತಿ ಕಡಿಮೆ. ಅದಕ್ಕೇ ಡಯಾಲಿಸಿಸ್‌ನಲ್ಲಿರುವ ದೊಡ್ಡವರಿಗೆ ಲಸಿಕೆಯನ್ನು ಎರಡರಷ್ಟು ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕು ಸಲ: ಮೊದಲ ದಿನ, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಆಮೇಲೆ ಶಕ್ತಿ ಬಂದಿದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆ ಮಾಡುತ್ತಾರೆ.

ನಮ್ಮ ದೊಡ್ಡಪ್ಪನೂ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗ್ತಾರೆ. ಮೂರು ಸೂಜಿ ಆಗಿದೆ. ಚುಚ್ಚಿಸಿಕೊಂಡು ಸಾಕಾಯ್ತು, ನಾಲ್ಕನೇದು ಬೇಡ ಅಂತಾರೆ. ಅವರಿಗೂ ಇದನ್ನು ಓದಿ ಹೇಳುತ್ತೇನೆ.

ಗೆಳೆಯರೇ, ದೇಶವೇ ಲೋಕನಾಯಕ ಅಂತ ಕರೆದವರಿಗೂ ಸಿಗದ ಲಸಿಕೆ ಇವತ್ತು ನಮಗೆ ಸಿಗುತ್ತಿದೆ. ನಿಮ್ಮ ಮನೇಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ, ಡಯಾಲಿಸಿಸ್ ಶುರುವಾಗೋ ಮುಂಚೆಯೇ ಡಾಕ್ಟರ ಹತ್ತಿರ ಈ ಲಸಿಕೆ ಬಗ್ಗೆ ಕೇಳಿ. ಶುರುಮಾಡಿದರೆ ಪೂರ್ತಿ ಹಾಕಿಸಿ.

– 7ನೇ ತರಗತಿ, ಕುಂದಲಹಳ್ಳಿ