ವಿಷವಾಯುವನ್ನು ಪರೀಕ್ಷಿಸಿದ ವಿದುಷಿ

ಹೊಸ ಔಷಧವೊಂದು ಅಂಗಡಿಗೂ ಹೊಸ ಕೀಟನಾಶಕವೊಂದು ಹೊಲಕ್ಕೂ ಬರುವುದಕ್ಕೆ ಮುಂಚೆ, ಅದನ್ನು ಬಳಸಿದವನಿಗೆ ಅದರಿಂದ ಹಾನಿಯುಂಟೇ ಎಂದು ನೋಡಿದರೆ ಸಾಲದು, ಅವನ ಬೀಜದ ಮೂಲಕ ಮುಂದೆ ಹುಟ್ಟಲಿರುವ ಸಂತಾನಕ್ಕೂ ಹಾನಿಯುಂಟೇ ಎಂದು ನೋಡತಕ್ಕದ್ದೆಂಬ ನಿಯಮವು ಇಂದು ಅನೇಕ ದೇಶಗಳಲ್ಲಿ ರೂಢಿಗೆ ಬಂದಿದೆ. ಸರಕಾರಿ ಕಾಗದಪತ್ರಗಳಲ್ಲಿ ಇದೊಂದು ಒಣ ಕಲಮು. ಆದರೆ ಈ ಕಲಮಿನ ಬುಡವನ್ನು ಶೋಧಿಸುತ್ತ ಹೋದರೆ ನಾವು 1940ನೆಯ ಇಸವಿಯ ನವೆಂಬರಿನಲ್ಲಿ ಸ್ಕಾಟ್ಲಂಡಿನ ಎಡಿನ್‌ಬರೊ ವಿಶ್ವವಿದ್ಯಾನಿಲಯದ ಒಂದು ಮಾಳಿಗೆಗೆ ಹೋಗಿ ಮುಟ್ಟುತ್ತೇವೆ. ಅಲ್ಲಿ ತೆರೆದ ಪಾತ್ರೆಯಲ್ಲಿ ವಿಷದ್ರವವನ್ನು ಕಾಯಿಸಿ, ಅದರ ಆವಿಗೆ ನೊಣಗಳನ್ನು ಒಡ್ಡುತ್ತಿದ್ದ, ತನ್ನ ದೇಶದಿಂದ ಹೊರದೂಡಲ್ಪಟ್ಟ ಒಬ್ಬ ಮಹಿಳೆಯನ್ನು ಕಾಣುತ್ತೇವೆ. ಆ ಮಹಿಳೆಯ ಹೆಸರು ಶಾರ್ಲೊಟ್ ಅವರ್‌ಬಾಕ್.

ಅವರು ಜರ್ಮನಿಯ ಕ್ರೆಫೆಲ್ಡ್ ಪಟ್ಟಣದಲ್ಲಿ 1899ನೆಯ ಇಸವಿ ಮೇ 14ರಂದು ಒಂದು ಯಹೂದಿ ಮನೆತನದಲ್ಲಿ ಜನಿಸಿದರು. ವಿದ್ಯೆ ಆ ಮನೆಯ ಸೊತ್ತು. ಅಜ್ಜ ಲಿಯೋಪೋಲ್ಡ್ ಅವರ್‌ಬಾಕ್ ಖ್ಯಾತ ಅಂಗರಚನಾಶಾಸ್ತ್ರಜ್ಞ. ಕರುಳಿನ ಗೋಡೆಯಲ್ಲಿರುವ ನರಜಾಲವೊಂದನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ತಂದೆ ರಸಾಯನಶಾಸ್ತ್ರಜ್ಞರು, ದೊಡ್ಡಪ್ಪ ಭೌತಶಾಸ್ತ್ರಜ್ಞರು. ಶಾರ್ಲೊಟ್ ವುರ್ಟ್ಸ್‌ಬುರ್ಗ್, ಫ್ರೈಬುರ್ಗ್, ಬರ್ಲಿನ್ ವಿಶ್ವವಿದ್ಯಾನಿಲಯಗಳಲ್ಲಿ ವಿಜ್ಞಾನವನ್ನು ಅಭ್ಯಸಿಸಿ ಶಾಲೆಗಳಲ್ಲಿ ಉಪಾಧ್ಯಾಯಿನಿಯಾದರು. ನಡುವೆ 1928ರಲ್ಲಿ ಬರ್ಲಿನ್ನಿನ ಡಾಲೆಂ ಎಂಬಲ್ಲಿ ಓಟ್ಟೊ ಮಾಂಗೋಲ್ಡರ ಕೈಕೆಳಗೆ ಸಂಶೋಧನೆಯನ್ನು ಆರಂಭಿಸಿದರಾದರೂ, ಶಿಷ್ಯರ ಅಭಿಪ್ರಾಯಕ್ಕೆ ಕಿಂಚಿತ್ತೂ ಬೆಲೆಯಿಲ್ಲದ ಆ ಗುರುವಿನ ದರ್ಪಕ್ಕೆ ಬೇಸತ್ತು ಅದನ್ನು ಬಿಟ್ಟು ಮತ್ತೆ ಪಾಠ ಹೇಳುವುದಕ್ಕೆ ಹೊರಟರು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯಹೂದಿ ರಕ್ತದವರು ಜರ್ಮನ್ ಮಕ್ಕಳಿಗೆ ಪಾಠ ಹೇಳಕೂಡದೆಂದಾಯಿತು. ಶಾರ್ಲೊಟ್‌ಗೆ ಕೆಲಸ ಹೋಯಿತು. ರಕ್ತದ ಶುದ್ಧಿಯನ್ನೂ ವಂಶದ ಉಚ್ಚನೀಚತೆಯನ್ನೂ ಕುರಿತು ಆ ಸರಕಾರವು ಶಾಸ್ತ್ರದ ಹೆಸರಿನಲ್ಲಿ ಕೂಗಾಡುತ್ತಿದ್ದ ಅದೇ ವರ್ಷ, ನಿಜವಾದ ವಂಶಶಾಸ್ತ್ರಕ್ಕೆ ಮುಂದೆ ಹೊಸ ದಾರಿಯನ್ನು ತೆರೆಯಲಿದ್ದ ಈ ಉಪಾಧ್ಯಾಯಿನಿ ದೇಶವನ್ನು ಬಿಟ್ಟು ಎಡಿನ್‌ಬರೊ ನಗರವನ್ನು ಸೇರಿದರು. ದೇಶಾಭಿಮಾನವು ದೇಶದ ಮಕ್ಕಳನ್ನೇ ಜರಡಿ ಹಿಡಿಯಲು ಹೊರಟರೆ ಕೆಳಗೆ ಬಿದ್ದುಹೋಗುವುದು ಏನೆಂಬುದನ್ನು, ದೇಶಾಭಿಮಾನವನ್ನೇ ವ್ರತವಾಗಿ ಉಳ್ಳ ನಮ್ಮಂಥವರು ನೆನಪಿನಲ್ಲಿಡತಕ್ಕದ್ದು.

ಎಡಿನ್‌ಬರೊದಲ್ಲಿ ಪ್ರೊಫೆಸರ್ ಕ್ರೂ ಅವರ ಪ್ರಾಣಿವಂಶಶಾಸ್ತ್ರ ಸಂಸ್ಥೆಯಲ್ಲಿ ಅವರಿಗೆ ಆಶ್ರಯ ದೊರೆಯಿತು. 1935ರಲ್ಲಿ ಡಾಕ್ಟರ್ ಪದವಿ ಬಂದಿತು. ಸಂಬಳ ಅಲ್ಪ, ಸ್ಥಾನ ಅನಿಶ್ಚಿತ. 1939ರಲ್ಲಿ ಬ್ರಿಟಿಷ್ ಪೌರತ್ವವು ಲಭಿಸಿತು; ಅದೇ ವರ್ಷ ವೃದ್ಧ ತಾಯಿಯೂ ಬಂದು ಮಗಳನ್ನು ಕೂಡಿಕೊಂಡರು.

ಅಷ್ಟರಲ್ಲಿ ಆ ಸಂಸ್ಥೆಗೆ ಹರ್ಮನ್ ಮುಲ್ಲರ್ ಬಂದಿದ್ದರು. ಈ ಅಮೆರಿಕನ್ ವಿಜ್ಞಾನಿಯು 1927ರಲ್ಲಿಯೇ ಕ್ಷಕಿರಣಗಳಿಂದ ನೊಣಗಳ ವಂಶವಾಹಿಗಳಲ್ಲಿ ಉತ್ಪರಿವರ್ತನೆಗಳನ್ನುಂಟುಮಾಡಿ ಜಗದ್ವಿಖ್ಯಾತರಾದವರು. ರಷ್ಯದಲ್ಲಿ ಲೈಸೆಂಕೊನ ಹಾವಳಿಯನ್ನು ಕಂಡು, ಅಂತರ್ಯುದ್ಧದಲ್ಲಿದ್ದ ಸ್ಪೇನನ್ನು ಹಾದು ಎಡಿನ್‌ಬರೊಗೆ ಬಂದವರು. ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ನೋಡುವ ಕೆಲಸಕ್ಕೆ ಕ್ರೂ ಅವರು ಶಾರ್ಲೊಟ್‌ರನ್ನು ಮುಲ್ಲರರಿಗೆ ಒಪ್ಪಿಸಿದರು. ಅದರಲ್ಲಿ ತಮಗೆ ಆಸಕ್ತಿಯಿಲ್ಲವೆಂದು ಅವರು ನೇರವಾಗಿ ಹೇಳಿದಾಗ ಮುಲ್ಲರರು ಸಿಟ್ಟಾಗಲಿಲ್ಲ. ಮನಸ್ಸಿಲ್ಲದವರಿಂದ ಕೆಲಸ ತೆಗೆಯುವ ಇಚ್ಛೆ ತಮಗೂ ಇಲ್ಲವೆಂದು ಹೇಳಿ, ವಂಶವಾಹಿಯ ಸ್ವರೂಪವನ್ನು ತಿಳಿಯಬೇಕಾದರೆ ಅದು ಕೆಡುವ ಬಗೆಯನ್ನು ನೋಡತಕ್ಕದ್ದೆಂದು ದಾರಿ ತೋರಿದರು. ಕ್ಷಕಿರಣಗಳಂತೆ ರಾಸಾಯನಿಕ ದ್ರವ್ಯಗಳೂ ಉತ್ಪರಿವರ್ತನೆಯನ್ನು ಮಾಡಬಲ್ಲವೇ? ಹಲವರು ಯತ್ನಿಸಿ ಸೋತಿದ್ದ ಪ್ರಶ್ನೆ ಇದು. ಅರ್ಬುದರೋಗವನ್ನುಂಟುಮಾಡುವ ಕೆಲವು ದ್ರವ್ಯಗಳನ್ನು ಶಾರ್ಲೊಟ್ ಮೊದಲು ಪರೀಕ್ಷಿಸಿದರು. ಸ್ಪಷ್ಟ ಫಲ ದೊರೆಯಲಿಲ್ಲ.

ಫಲವು ದೊರೆತದ್ದು ಯುದ್ಧದ ಮನೆಯಿಂದ. ಸಾಸಿವೆವಾಯುವಿನ ಹೆಸರನ್ನು ವಾಚಕರು ಕೇಳಿರಬಹುದು. ಅದಕ್ಕೂ ನಮ್ಮ ಒಗ್ಗರಣೆಯ ಸಾಸಿವೆಗೂ ವಾಸನೆಯ ಹೋಲಿಕೆಯ ಹೊರತು ಬೇರೆ ನಂಟಿಲ್ಲ. 1917ರ ಜುಲೈ ತಿಂಗಳಲ್ಲಿ ಈಪ್ರ್ ರಣಭೂಮಿಯಲ್ಲಿ ಜರ್ಮನರು ಅದನ್ನು ಮೊದಲ ಬಾರಿಗೆ ಪ್ರಯೋಗಿಸಿದರು. ಮುಟ್ಟಿದ ಕೂಡಲೆ ನೋವಿಲ್ಲ; ಗಂಟೆಗಳ ಮೇಲೆ ಚರ್ಮವು ಬೊಬ್ಬೆಯೇಳುತ್ತದೆ, ಕಣ್ಣು ಮುಚ್ಚಿಹೋಗುತ್ತದೆ, ಶ್ವಾಸನಾಳವು ಸುಡುತ್ತದೆ. ಆ ಗಾಯಗಳು ಮಾಯುವುದೇ ಕಷ್ಟ. ಎಡಿನ್‌ಬರೊದ ಔಷಧಶಾಸ್ತ್ರ ವಿಭಾಗದಲ್ಲಿದ್ದ ಕ್ಲಾರ್ಕ್ ಮತ್ತು ರಾಬ್ಸನ್ ಎಂಬ ವಿದ್ವಾಂಸರು ಈ ಗಾಯಗಳು ಕ್ಷಕಿರಣದ ಸುಟ್ಟಗಾಯಗಳನ್ನು ಬಹುಮಟ್ಟಿಗೆ ಹೋಲುವುದನ್ನು ಗಮನಿಸಿದರು. ಗಾಯವು ಒಂದೇ ತೆರನಾಗಿದ್ದರೆ ವಂಶವಾಹಿಯ ಮೇಲಣ ಪೆಟ್ಟೂ ಒಂದೇ ತೆರನಾಗಿರಬಹುದಷ್ಟೆ! ಹೀಗೆ ರಾಬ್ಸನ್‌ರೂ ಶಾರ್ಲೊಟ್‌ರೂ ಕೂಡಿ ಮಾಳಿಗೆಯ ಮೇಲೆ ಪ್ರಯೋಗವನ್ನು ಆರಂಭಿಸಿದರು. ಇಂದಿನ ಪ್ರಯೋಗಶಾಲೆಗಳ ರಕ್ಷಣೆ ಯಾವುದೂ ಅಲ್ಲಿರಲಿಲ್ಲ. ಶಾರ್ಲೊಟ್‌ರ ಕೈಗಳು ತೀವ್ರವಾಗಿ ಸುಟ್ಟವು. ಇನ್ನೂ ಮುಂದುವರಿದರೆ ಗಂಡಾಂತರವೆಂಬ ಎಚ್ಚರಿಕೆಯನ್ನೂ ಅವರು ಕೇಳಬೇಕಾಯಿತು.

ಪರೀಕ್ಷೆಯ ಕ್ರಮವು ಮುಲ್ಲರರು ಹಿಂದೆಯೇ ರೂಪಿಸಿದ್ದುದು. ಅದು ಬಹಳ ಜಾಣತನದ್ದಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಹಣ್ಣುನೊಣದಲ್ಲಿ, ಮನುಷ್ಯನಲ್ಲಿರುವಂತೆಯೇ, ಎಕ್ಸ್ ಎಂಬ ವರ್ಣತಂತುವು ಹೆಣ್ಣಿಗೆ ಎರಡು, ಗಂಡಿಗೆ ಒಂದು. ಹೆಣ್ಣಿನ ಒಂದು ತಂತು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ. ಗಂಡಿಗೆ ಆ ಆಸರೆಯಿಲ್ಲ. ವಿಷಕ್ಕೆ ಒಡ್ಡಿದ ಗಂಡುನೊಣವನ್ನು ವಿಶೇಷ ತಳಿಯ ಹೆಣ್ಣಿನೊಡನೆ ಕೂಡಿಸುತ್ತಾರೆ. ಈ ಹೆಣ್ಣಿನ ಒಂದು ಎಕ್ಸ್ ತಂತುವಿನಲ್ಲಿ ಮಾರಕ ದೋಷವೂ, ಕಣ್ಣನ್ನು ಪಟ್ಟಿಯಂತೆ ಕಿರಿದಾಗಿಸುವ ಗುರುತೂ ಇರುತ್ತವೆ. ಪಟ್ಟಿಗಣ್ಣಿನ ಹೆಣ್ಣುಮಕ್ಕಳನ್ನು ಆರಿಸಿ ಒಂದೊಂದನ್ನು ಒಂದೊಂದು ಸೀಸೆಯಲ್ಲಿಟ್ಟು ಮತ್ತೆ ಕೂಡಿಸಿದರೆ, ಅವುಗಳ ಗಂಡುಮಕ್ಕಳಲ್ಲಿ ಅರ್ಧ ಆ ದೋಷದಿಂದಲೇ ಸಾಯುತ್ತವೆ. ಉಳಿದ ಅರ್ಧಕ್ಕೆ ಬರುವುದು ವಿಷದ ಆವಿಯನ್ನು ಕಂಡ ಅಜ್ಜನ ತಂತು. ಅದರಲ್ಲಿಯೂ ಮಾರಕವಾದ ಉತ್ಪರಿವರ್ತನೆಯಾಗಿದ್ದರೆ ಅವೂ ಸಾಯುತ್ತವೆ, ಆ ಸೀಸೆಯಲ್ಲಿ ಗಂಡೇ ಇರುವುದಿಲ್ಲ. ಆದುದರಿಂದ ಲೆಕ್ಕಕ್ಕೆ ಸೂಕ್ಷ್ಮವಾದ ಕಣ್ಣೇ ಬೇಡ. ಗಂಡಿಲ್ಲದ ಸೀಸೆಗಳನ್ನು ಎಣಿಸಿದರೆ ಸಾಕು. ಗಂಡುಸಂತಾನವಿಲ್ಲವೆಂದು ನಮ್ಮ ಮನೆಗಳಲ್ಲಿ ಹರಕೆ ಹೊರುತ್ತಾರೆ. ಇಲ್ಲಿ ಅದೇ ಸಂಭ್ರಮದ ಸುದ್ದಿ! ಸಹಜವಾಗಿ ಇಂಥ ಸೀಸೆಗಳು ಸಾವಿರಕ್ಕೆ ಒಂದೆರಡು ಮಾತ್ರ. ಸಾಸಿವೆವಾಯುವನ್ನು ಕಂಡ ನೊಣಗಳ ವಂಶದಲ್ಲಿ ಅವು ಅನೇಕ ಪಾಲು ಹೆಚ್ಚಿದವು. 1941ರ ಮಧ್ಯದ ಹೊತ್ತಿಗೆ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಆ ವೇಳೆಗೆ ಅಮೆರಿಕಕ್ಕೆ ಮರಳಿದ್ದ ಮುಲ್ಲರರು ತಂತಿಯ ಮೂಲಕ ಅಭಿನಂದಿಸಿದರು.

ಇನ್ನೂ ವಿಚಿತ್ರವಾದ ಒಂದು ಸಂಗತಿಯು ತೋರಿಬಂದಿತು. ಕ್ಷಕಿರಣದ ಪೆಟ್ಟು ಬಹುಮಟ್ಟಿಗೆ ಆಗಿಂದಾಗಲೇ ಫಲಿಸುತ್ತದೆ. ಈ ವಾಯುವಿನ ಪೆಟ್ಟು ಕೆಲವೊಮ್ಮೆ ಅವಿತುಕೊಂಡಿದ್ದು, ಕೋಶಗಳು ಹಲವು ಬಾರಿ ವಿಭಜಿಸಿದ ಮೇಲೆ ಹೊರಬೀಳುತ್ತದೆ. ಆದಕಾರಣ ಒಂದೇ ನೊಣದ ಮೈಯಲ್ಲಿ ಒಂದು ಭಾಗ ಕೆಟ್ಟು ಇನ್ನೊಂದು ಭಾಗ ಸರಿಯಾಗಿರುವುದುಂಟು. ವಂಶವಾಹಿಯು ಡಿ.ಎನ್.ಎ. ಎಂಬ ದ್ರವ್ಯದಿಂದಾದುದೆಂಬುದೇ ಆಗ ತಿಳಿದಿರಲಿಲ್ಲ. ಅದರ ಜೋಡಿಸುರುಳಿಯ ರಚನೆಯು ಹೊರಬಿದ್ದದ್ದು 1953ರಲ್ಲಿ. ಸಾಸಿವೆವಾಯುವಿನ ಅಣುವಿಗೆ ಎರಡು ಕೈಗಳಿದ್ದು, ಅದು ಆ ಸುರುಳಿಯ ಎರಡು ಎಳೆಗಳನ್ನೂ ಹಿಡಿದು ಬಿಗಿಯಬಲ್ಲದೆಂಬುದು ಅದಕ್ಕೂ ಈಚಿನ ತಿಳಿವು.

ಇಷ್ಟು ದೊಡ್ಡ ಸಂಗತಿಯನ್ನು ಜಗತ್ತಿಗೆ ಹೇಳುವಂತಿರಲಿಲ್ಲ. ಯುದ್ಧದ ಗುಟ್ಟು! 1944ರಲ್ಲಿ ಸಾಸಿವೆಯೆಣ್ಣೆಯ ಖಾರದ ಸಾರವನ್ನು ಕುರಿತ ಸಣ್ಣ ಪತ್ರವೊಂದು ಪ್ರಕಟವಾಯಿತು. ವಿಷವಾಯುವಿನ ವರದಿಯು ಬೆಳಕನ್ನು ಕಂಡದ್ದು 1946ರಲ್ಲಿ. ಅದೇ ವರ್ಷ ಮಾಸ್ಕೊದ ಯೋಸಿಫ್ ರಪೊಪೋರ್ಟ್ ಎಂಬವರು ಫಾರ್ಮಾಲ್ಡಿಹೈಡಿನಿಂದ ಉತ್ಪರಿವರ್ತನೆಯಾಗುವುದನ್ನು ಸ್ವತಂತ್ರವಾಗಿ ಪ್ರಕಟಿಸಿದರು. ಯುದ್ಧದಲ್ಲಿ ಒಂದು ಕಣ್ಣನ್ನು ಕಳೆದುಕೊಂಡ ಆ ವೀರನು 1948ರಲ್ಲಿ ಲೈಸೆಂಕೊನನ್ನು ತುಂಬಿದ ಸಭೆಯಲ್ಲಿ ಎದುರಿಸಿ ಕೆಲಸವನ್ನೂ ಕಳೆದುಕೊಂಡನು.

ಗುಟ್ಟಿನ ಪ್ರಸ್ತಾಪ ಬಂದಿರುವಾಗ ನಮ್ಮ ದೇಶದ ಒಂದು ಸಂಗತಿಯನ್ನು ಮುಚ್ಚಿಡಲಾರೆವು. 1930ರ ದಶಕದ ಆರಂಭದಿಂದ ಹತ್ತು ವರ್ಷಗಳಿಗೂ ಮಿಕ್ಕಿ, ರಾವಲ್ಪಿಂಡಿಯಲ್ಲಿ ಬ್ರಿಟಿಷ್ ಸೈನ್ಯದ ವಿಜ್ಞಾನಿಗಳು ನೂರಾರು ಭಾರತೀಯ ಸಿಪಾಯಿಗಳನ್ನು ಇದೇ ವಾಯುವಿಗೆ ಒಡ್ಡಿ, ನಮ್ಮವರ ಚರ್ಮಕ್ಕೂ ಬಿಳಿಯರ ಚರ್ಮಕ್ಕೂ ಸುಡುವುದರಲ್ಲಿ ವ್ಯತ್ಯಾಸವುಂಟೇ ಎಂದು ಅಳೆದರು. ಹಲವರು ತೀವ್ರವಾಗಿ ಸುಟ್ಟು ಆಸ್ಪತ್ರೆ ಸೇರಿದರು. ಇದು ಸಾರ್ವಜನಿಕರಿಗೆ ವಿವರವಾಗಿ ತಿಳಿದದ್ದು 2007ರಲ್ಲಿ. ಎಡಿನ್‌ಬರೊದ ನೊಣಗಳ ವಂಶವನ್ನು ತಲೆತಲಾಂತರವಾಗಿ ಎಣಿಸಿ ಬರೆದಿಟ್ಟರು. ರಾವಲ್ಪಿಂಡಿಯ ಸಿಪಾಯಿಗಳನ್ನು ಆಮೇಲೆ ವಿಚಾರಿಸುವ ವ್ಯವಸ್ಥೆಯನ್ನೇ ಸೈನ್ಯವು ಇಡಲಿಲ್ಲ. ಇದಕ್ಕೆ ಶಾರ್ಲೊಟ್‌ರು ಹೊಣೆಯಲ್ಲ. ಆದರೆ ಆ ಚರಿತ್ರೆಯನ್ನು ಬರೆಯುವಾಗ ಈ ಪುಟವನ್ನು ಹಾರಿಸಿಬಿಡುವುದು ನಮ್ಮಿಂದಾಗದು.

ಮುಂದಿನ ಕೀರ್ತಿಯ ವಿವರವನ್ನು ಬೇಗನೆ ಮುಗಿಸುತ್ತೇವೆ. 1947ರಲ್ಲಿ ಎಡಿನ್‌ಬರೊ ರಾಯಲ್ ಸೊಸೈಟಿಯ ಕೀತ್ ಬಹುಮಾನ, 1957ರಲ್ಲಿ ಲಂಡನ್ ರಾಯಲ್ ಸೊಸೈಟಿಯ ಸದಸ್ಯತ್ವ, 1976ರಲ್ಲಿ ಡಾರ್ವಿನ್ ಪದಕ. ಪ್ರೊಫೆಸರ್ ಪದವಿ ಬಂದದ್ದು ಮಾತ್ರ 1967ರಲ್ಲಿ, ಅರುವತ್ತೆಂಟನೆಯ ವಯಸ್ಸಿಗೆ! ಪರಮಾಣು ಯುಗದ ವಂಶಶಾಸ್ತ್ರವನ್ನು ಕುರಿತು 1956ರಲ್ಲಿ ಜನಸಾಮಾನ್ಯರಿಗಾಗಿ ಒಂದು ಪುಸ್ತಕವನ್ನು ಬರೆದು ಅಣ್ವಸ್ತ್ರ ಪ್ರಯೋಗಗಳ ಅಪಾಯವನ್ನು ತಿಳಿಸಿದರು. ದಕ್ಷಿಣ ಆಫ್ರಿಕದ ವರ್ಣಭೇದವನ್ನು ಖಂಡಿಸಿದರು. ವಿವಾಹವಾಗದಿದ್ದರೂ ಇಬ್ಬರು ಬಾಲಕರನ್ನು ಮಕ್ಕಳಂತೆ ಬೆಳೆಸಿದರು.

ಅವರ ಒಂದು ಹಟವನ್ನು ಇಲ್ಲಿ ಹೇಳಲೇಬೇಕು. ಉತ್ಪರಿವರ್ತನೆಯು ಕೇವಲ ರಾಸಾಯನಿಕ ಕ್ರಿಯೆಯಲ್ಲ, ಜೀವಕೋಶವು ಅದರಲ್ಲಿ ಪಾತ್ರಧಾರಿ ಎಂದು ಅವರು ಕಡೆಯವರೆಗೂ ವಾದಿಸಿದರು. ಒಂದೇ ದ್ರವ್ಯವು ಒಂದು ಜೀವಿಯಲ್ಲಿ ಹಾನಿಯನ್ನೂ ಇನ್ನೊಂದರಲ್ಲಿ ಸೊನ್ನೆಯನ್ನೂ ತೋರಬಹುದು. ಈ ವಾದವು ಎಷ್ಟು ಸಾರ್ಥಕವೆಂಬುದು 1970ರ ದಶಕದಲ್ಲಿ ಕಂಡುಬಂದಿತು. ಅಮೆರಿಕದ ಬ್ರೂಸ್ ಏಮ್ಸ್ ಅವರು ಸಾಲ್ಮೊನೆಲ್ಲ ಎಂಬ ಸೂಕ್ಷ್ಮಜೀವಿಯಿಂದ, ನೊಣಗಳಿಗೆ ವಾರಗಳು ಹಿಡಿಯುವ ಪರೀಕ್ಷೆಯನ್ನು ಎರಡು ದಿನಗಳಲ್ಲಿ ಮುಗಿಸುವ ಕ್ರಮವನ್ನು ರೂಪಿಸಿದರು. ಆದರೆ ಅನೇಕ ದ್ರವ್ಯಗಳು ಯಕೃತ್ತನ್ನು ಹಾದುಹೋದ ಮೇಲೆಯೇ ವಿಷವಾಗುವುದರಿಂದ, ಇಲಿಯ ಯಕೃತ್ತಿನ ಸಾರವನ್ನೂ ಅದರಲ್ಲಿ ಬೆರೆಸಬೇಕಾಯಿತು. ಮಕ್ಕಳ ರಾತ್ರಿಯುಡುಪಿಗೆ ಬೆಂಕಿ ಹತ್ತದಿರಲೆಂದು ಸವರುತ್ತಿದ್ದ ಟ್ರಿಸ್ ಎಂಬ ದ್ರವ್ಯವು ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 1977ರಲ್ಲಿ ಅಮೆರಿಕದಲ್ಲಿ ನಿಷಿದ್ಧವಾಯಿತು. ಜಪಾನಿನಲ್ಲಿ ಆಹಾರ ಕೆಡದಂತೆ ಬೆರೆಸುತ್ತಿದ್ದ ದ್ರವ್ಯವೊಂದು ಸೂಕ್ಷ್ಮಜೀವಿಗಳಲ್ಲಿ ಉತ್ಪರಿವರ್ತನೆಯನ್ನು ಮಾಡುವುದು ತಿಳಿದು, ಅದು 1974ರಲ್ಲಿಯೇ ನಿಷೇಧಕ್ಕೆ ಒಳಗಾಗಿತ್ತು. ಎರಡನ್ನೂ ಜನರು ವರ್ಷಗಟ್ಟಲೆ ಉಟ್ಟು ಉಂಡು ಆದಮೇಲೆ! ಮಾರಾಟಕ್ಕೆ ಮುಂಚೆಯೇ ಪರೀಕ್ಷಿಸತಕ್ಕದ್ದು, ಖರ್ಚನ್ನು ಮಾರುವವನೇ ಹೊರತಕ್ಕದ್ದು ಎಂಬುದರಲ್ಲಿ ನಮಗೆ ಎರಡನೆಯ ಅಭಿಪ್ರಾಯವಿಲ್ಲ.

ವಿಷವು ಔಷಧವಾದ ಕಥೆಯೂ ಉಂಟು. ಸಾಸಿವೆವಾಯುವಿನ ಸೋದರ ದ್ರವ್ಯವಾದ ನೈಟ್ರೊಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರ್ಬುದರೋಗಿಗೆ ಕೊಟ್ಟು ನೋಡಿದರು. ಆ ಕುಲದ ಔಷಧಗಳು ಇಂದಿಗೂ ಬಳಕೆಯಲ್ಲಿವೆ. ರೋಗದ ಕೋಶದ ಡಿ.ಎನ್.ಎ.ಯನ್ನು ಮುರಿಯುವ ಗುಣವೇ ಕೆಲವರಲ್ಲಿ ವರ್ಷಗಳ ಮೇಲೆ ಇನ್ನೊಂದು ಅರ್ಬುದವನ್ನು ತರುವುದೂ ಉಂಟು.

ಶಾರ್ಲೊಟ್ ಅವರ್‌ಬಾಕ್ ಅವರು 1994ನೆಯ ಇಸವಿ ಮಾರ್ಚ್ 17ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಎಡಿನ್‌ಬರೊದಲ್ಲಿಯೇ ತೀರಿಕೊಂಡರು. ರಾಸಾಯನಿಕ ಶಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅದರ ಹಿಂದಿನ ವರ್ಷದ ಜನವರಿಯಲ್ಲಿ ರಾಷ್ಟ್ರಗಳು ಸಹಿ ಹಾಕಿದ್ದವು. ಅದು ಜಾರಿಗೆ ಬಂದದ್ದು 1997ರಲ್ಲಿ. ತನ್ನಲ್ಲಿ ಇಂಥ ಶಸ್ತ್ರಗಳಿಲ್ಲವೆಂದು 1992ರಲ್ಲಿ ಸಾರಿದ್ದ ಭಾರತವು ಆಗ 1,044 ಟನ್ ಸಾಸಿವೆವಾಯುವಿನ ದಾಸ್ತಾನನ್ನು ಒಪ್ಪಿಕೊಂಡಿತು. ಅಂತರರಾಷ್ಟ್ರೀಯ ತಪಾಸಣೆಗಾರರ ಎದುರಿನಲ್ಲಿ ಅದನ್ನು ನಾಶಪಡಿಸುವ ಕೆಲಸವು 2009ರಲ್ಲಿ ಮುಗಿಯಿತು.