ಹುಡುಗರೇ ಆಳಿದ ಊರು

1931ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಣ್ಣ ಊರೊಂದರಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬ ಕಳ್ಳತನಕ್ಕೆಂದು ಅಂಗಡಿಗೆ ನುಗ್ಗಿದ. ಹಿಡಿಯಲು ಬಂದ ಪೊಲೀಸ್ ಅಧಿಕಾರಿಯನ್ನು ಗುಂಡಿಕ್ಕಿ ಕೊಂದ. ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿ ದೊಡ್ಡವರ ಸೆರೆಮನೆಗೇ ಕಳುಹಿಸಿತು. ಆಗ ದೂರದ ನೆಬ್ರಾಸ್ಕ ರಾಜ್ಯದ ಗುರುಗಳೊಬ್ಬರು ಆ ಬಾಲಕನನ್ನು ತಮ್ಮ ವಶಕ್ಕೆ ಒಪ್ಪಿಸಬೇಕೆಂದು ಅಲ್ಲಿನ ರಾಜ್ಯಪಾಲರಲ್ಲಿ ಬೇಡಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಸತ್ತವನ ಮನೆಯವರ ಕಣ್ಣೀರೂ ಸುಳ್ಳಲ್ಲವಲ್ಲ! ಆದರೂ ಹನ್ನೆರಡರ ಮಗುವಿಗೆ ಬದುಕಿಡೀ ಸೆರೆವಾಸ ನ್ಯಾಯವೇ ಎಂಬ ಆ ಗುರುಗಳ ಪ್ರಶ್ನೆ ದೇಶದ ಕಿವಿಗೆ ಬಿತ್ತು. ಬಾಲಕನಿಗೆ ಬಿಡುಗಡೆಯಾದದ್ದು 1941ರಲ್ಲಿ.

ಆ ಗುರುಗಳೇ ಫಾದರ್ ಎಡ್ವರ್ಡ್ ಫ್ಲಾನಗನ್. 1886ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, 1912ರಲ್ಲಿ ಗುರುದೀಕ್ಷೆ ಪಡೆದು, ಒಮಾಹಾ ನಗರದಲ್ಲಿ ಸೇವೆಗೆ ನಿಂತವರು. ಮೊದಲು ಅವರು ನೆಲೆಯಿಲ್ಲದ ಕೂಲಿಕಾರರಿಗೆ ವಸತಿಗೃಹ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರ ಕಥೆ ಕೇಳುತ್ತಾ ಹೋದಂತೆ, ಅವರೆಲ್ಲ ದಾರಿ ತಪ್ಪಿದ್ದು ಬಾಲ್ಯದಲ್ಲೇ ಎಂದು ಅವರಿಗೆ ತೋರಿತು. 1917ರ ಡಿಸೆಂಬರ್ 12ರಂದು 90 ಡಾಲರ್ ಸಾಲ ಮಾಡಿ ಒಂದು ಹಳೆಯ ಮನೆ ಬಾಡಿಗೆ ಹಿಡಿದರು. ಐವರು ಹುಡುಗರು ಬಂದರು. 1921ರಲ್ಲಿ ಊರಾಚೆಯ ಹೊಲಕ್ಕೆ ಹೋದ ಆ ಮನೆಯೇ ಮುಂದೆ ಬಾಯ್ಸ್ ಟೌನ್ ಎಂಬ ಹಳ್ಳಿಯಾಯಿತು. ಬಿಳಿಯರು, ಕರಿಯರು, ಯೆಹೂದ್ಯರು, ಕಥೋಲಿಕರು, ಎಲ್ಲ ಹುಡುಗರೂ ಒಂದೇ ಮೇಜಿನಲ್ಲಿ ಉಂಡರು. ಆ ಕಾಲದ ಅಮೆರಿಕದಲ್ಲಿ ಇದು ಎಲ್ಲರಿಗೂ ರುಚಿಸಲಿಲ್ಲ.

ಆದರೆ ನನಗೆ ಹೆಚ್ಚು ಬೆರಗು ತಂದದ್ದು ಬೇರೊಂದು ಸಂಗತಿ. ಅಲ್ಲಿ ಹುಡುಗರು ತಮ್ಮೊಳಗೇ ಚುನಾವಣೆ ನಡೆಸಿ ಮೇಯರನ್ನೂ ಸಭಾಸದರನ್ನೂ ಆರಿಸುತ್ತಿದ್ದರು. ನಿಯಮ ಮುರಿದವನನ್ನು ವಿಚಾರಿಸಲು ಹುಡುಗರದೇ ನ್ಯಾಯಾಲಯವಿತ್ತು. ಪೊಲೀಸರನ್ನು ಕಂಡರೆ ಓಡುತ್ತಿದ್ದವರು, ದೊಡ್ಡವರ ಕಾನೂನೆಲ್ಲ ಮೋಸವೆಂದು ನಂಬಿದ್ದವರು ಈಗ ತಾವೇ ತೀರ್ಪು ಹೇಳಬೇಕಾಯಿತು. ಹರೆಯದವರು ಓರಗೆಯವರ ತಪ್ಪಿನ ವಿಷಯದಲ್ಲಿ ನಮಗಿಂತ ಕಟು. ಕ್ಯಾಟಿಕಿಸಂ ಕಲಿಸಿದವರಿಗೆಲ್ಲ ಇದು ಗೊತ್ತು. ಒಬ್ಬನಿಗೊಂದು ಇನ್ನೊಬ್ಬನಿಗೊಂದು ಎಂಬ ಪಕ್ಷಪಾತವನ್ನಂತೂ ಅವರು ಸಹಿಸುವುದೇ ಇಲ್ಲ. ಮನೆಯಲ್ಲಿ ತಂಗಿಗೆ ಬೈಗುಳ, ತನಗೆ ಮಾತ್ರ ಪೆಟ್ಟು ಏಕೆಂದು ಮಗ ಕೇಳಿದರೆ ನಾವು ಎದುರು ಮಾತೆಂದು ಸಿಡುಕುತ್ತೇವೆ. ಫಾದರ್ ಫ್ಲಾನಗನ್ ಆ ಪ್ರಶ್ನೆಯನ್ನೇ ಹಿಡಿದು ಒಂದು ಊರು ಕಟ್ಟಿದರು. ಬೆತ್ತಕ್ಕೆ ಅಲ್ಲಿ ಜಾಗವಿರಲಿಲ್ಲ.

1946ರಲ್ಲಿ ಅವರು ತಾಯ್ನಾಡಿಗೆ ಹೋದರು. ಅಲ್ಲಿನ ಮಕ್ಕಳ ಸುಧಾರಣಾ ಶಾಲೆಗಳಲ್ಲಿ ಹೊಡೆತ ಬಡಿತ ಸಾಮಾನ್ಯವಾಗಿತ್ತು. ಅವುಗಳಲ್ಲಿ ಅನೇಕ ಶಾಲೆಗಳನ್ನು ನಮ್ಮ ಸಭೆಯ ಸಂನ್ಯಾಸಿಗಳೇ ನಡೆಸುತ್ತಿದ್ದರು. ಆದರೂ ಅವರು ಸುಮ್ಮನಿರದೆ ಇದು ನಾಚಿಕೆಗೇಡೆಂದು ಬಹಿರಂಗವಾಗಿ ಹೇಳಿದರು. ಐರ್ಲೆಂಡಿನ ನ್ಯಾಯಮಂತ್ರಿ ಸಂಸತ್ತಿನಲ್ಲೇ ಅವರ ಮಾತನ್ನು ತಳ್ಳಿಹಾಕಿದರು. ಮನೆಮಕ್ಕಳೇ ಮನೆಯ ತಪ್ಪು ಹೇಳಿದರೆ ಯಾರಿಗೆ ಹಿತ?

ಯುದ್ಧದಲ್ಲಿ ಅನಾಥರಾದ ಮಕ್ಕಳ ಕೆಲಸಕ್ಕಾಗಿ ಯೂರೋಪಿಗೆ ಹೋಗಿದ್ದಾಗ, 1948ರ ಮೇ 15ರಂದು, ಬರ್ಲಿನ್ನಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಸಮಾಧಿ ಹುಡುಗರ ಹಳ್ಳಿಯ ದೇವಾಲಯದಲ್ಲೇ ಇದೆ. ಐರ್ಲೆಂಡಿನ ಆ ಶಾಲೆಗಳಲ್ಲಿ ಮಕ್ಕಳು ಅನುಭವಿಸಿದ ಹಿಂಸೆಯನ್ನು ಸರಕಾರವೇ ನೇಮಿಸಿದ ಆಯೋಗ ವರದಿಯಲ್ಲಿ ದಾಖಲಿಸಿದ್ದು 2009ರಲ್ಲಿ, ಅವರು ತೀರಿಕೊಂಡು 61 ವರ್ಷಗಳಾದ ಮೇಲೆ.